ತಗ್ಗು ಕಾರು, ಹುರುಳಿ ರಸ್ತೆ

ಡಿಸೆಂಬರ್ ಕೊನೆಯಲ್ಲಿ ಹಾಲ್ಕುರಿಕೆ ಸುತ್ತಮುತ್ತ ಓಡಾಡಿದವರಿಗೆ ಅಲ್ಲಿನ ರಸ್ತೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಎರಡೂ ಕಡೆ ತೆಂಗಿನ ತೋಟ. ಗಾಳಿಗೆ ಬಿದ್ದ ಗರಿ ರಸ್ತೆಗೆ ಅಡ್ಡ. ಕಾಯಿ ತುಂಬಿಕೊಂಡು ತಿಪಟೂರಿಗೆ ಹೊರಟ ಟ್ರ್ಯಾಕ್ಟರ್‌ನಿಂದ ಉದುರಿದ ಒಂದೆರಡು ಕಾಯಿ, ಮನೆ ಕಟ್ಟೋರು ತರಿಸಿದ ಜಲ್ಲಿಯಲ್ಲಿ ಚೆಲ್ಲಿ ಹೋದ ಒಂದಿಷ್ಟು. ಸ್ವಲ್ಪ ಮುಂದೆ ಹೋದರೆ ಡಾಂಬರೇ ಕಾಣದ ಹಾಗೆ ಹರಡಿದ ಹುರುಳಿ ಗಿಡ, ಪಕ್ಕದಲ್ಲಿ ಮೊರ ಹಿಡಿದು ಕೂತ ಅಜ್ಜಿ.

ಈ ರಸ್ತೆಗೆ ಒಂದು ಪೋರ್ಷೆ 911 ಬಂತು ಅಂದ್ಕೊಳ್ಳಿ. ನಗಬೇಡಿ. ಬೆಂಗಳೂರಲ್ಲಿ ದುಡಿದು ಊರಿನ ಜಾತ್ರೆಗೆ, ಮದುವೆಗೆ ಕಾರು ತರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೋರ್ಷೆ ಅಲ್ಲದಿದ್ದರೆ ಸ್ಪ್ರಿಂಗ್ ಕತ್ತರಿಸಿ ತಗ್ಗು ಮಾಡಿಸಿದ ಹಳೇ ಸೆಡಾನ್ ಅಂದ್ಕೊಳ್ಳಿ, ಲೆಕ್ಕ ಒಂದೇ. ಆ ಕಾರಿಗೆ ಈ ರಸ್ತೆಯಲ್ಲಿ ಏನೇನಾಗಬಹುದು? ಯಾವುದಕ್ಕೆ ಹೆಚ್ಚು ಹೆದರಬೇಕು?

ನಮ್ಮ ಕ್ಲಬ್ಬಿನಲ್ಲಿ ಈ ಪ್ರಶ್ನೆ ಎದ್ದಾಗ ಎಲ್ಲರೂ ಒಂದೇ ಉಸಿರಿಗೆ ಹೇಳಿದ್ದು ಕಲ್ಲು, ಹಂಪ್, ಕಾಯಿ. ಹುರುಳಿ ಸೊಪ್ಪು ಅಂತ ಯಾರೂ ಹೇಳಲಿಲ್ಲ. ಲೆಕ್ಕ ಹಾಕುತ್ತಾ ಹೋದಾಗ ಪಟ್ಟಿ ತಲೆಕೆಳಗಾಯಿತು. ಆ ಲೆಕ್ಕವನ್ನೇ ಇಲ್ಲಿ ಹಂತಹಂತವಾಗಿ ಬಿಡಿಸುತ್ತೇವೆ. ಮೊದಲ ಸೆಮಿಸ್ಟರ್ ಫಿಸಿಕ್ಸ್ ಸಾಕು.

ಹೊಟ್ಟೆಯ ಎತ್ತರ

ಕಾರಿನ ತೀರಾ ಕೆಳಗಿನ ಬಿಂದುವಿಗೂ ನೆಲಕ್ಕೂ ಇರುವ ಅಂತರವೇ ಗ್ರೌಂಡ್ ಕ್ಲಿಯರೆನ್ಸ್. ಕಂಪನಿಯವರು ಕೊಡುವ ಅಂಕಿ ಕೆಲವು ಸಲ ಖಾಲಿ ಕಾರಿನದು, ಕೆಲವು ಸಲ ಭಾರ ತುಂಬಿದ ಕಾರಿನದು. ಆದ್ದರಿಂದ ಎರಡು ಕಾರು ಹೋಲಿಸುವ ಮುಂಚೆ ಅದು ಯಾವುದು ಅಂತ ನೋಡಬೇಕು. ಐದು ಜನ, ಡಿಕ್ಕಿ ತುಂಬ ಲಗೇಜು ಹಾಕಿದರೆ ಸ್ಪ್ರಿಂಗ್ ಕುಗ್ಗಿ ಖಾಲಿ ಕಾರಿನ ಅಂಕಿ ಇನ್ನೂ ಇಳಿಯುತ್ತೆ.

ಒಂದು ತಮಾಷೆಯ ಸಂಗತಿ: ನಮ್ಮ ಮಾರುತಿ ಸ್ವಿಫ್ಟ್‌ನ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಇರುವ ದೂರ, 2,450 ಮಿ.ಮೀ. ಈಗಿನ ಪೋರ್ಷೆ 911ರದ್ದೂ ಅಷ್ಟೇ, 2,450 ಮಿ.ಮೀ. ಹಾಗಾಗಿ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಲೆಕ್ಕ ಮಾಡೋದು ಸುಲಭ. ಸ್ವಿಫ್ಟ್‌ನ ಕ್ಲಿಯರೆನ್ಸ್ 163 ಮಿ.ಮೀ. ತಗ್ಗು ಕಾರಿಗೆ 110 ಮಿ.ಮೀ. ಅಂತ ಇಟ್ಟುಕೊಳ್ಳೋಣ. ವ್ಯತ್ಯಾಸ 53 ಮಿ.ಮೀ., ಮೂರು ಬೆರಳಿನ ಅಗಲ.

ಈಗ ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 (1988) ಪ್ರಕಾರ ಹಂಪ್ ಅಂದರೆ 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲಿ ಅಂತ ಮಾಡಿದ್ದು. ಅಗಲದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ ನೋಡಿ: 13.69 ÷ 136 = 0.10. ಅಂಕಿಗಳು ಒಂದಕ್ಕೊಂದು ಕೂಡುತ್ತವೆ.

ಈ ಹಂಪಿನ ಮೇಲೆ ಕಾರಿನ ನಾಲ್ಕೂ ಚಕ್ರ ಇದ್ದಾಗ ಮಧ್ಯದಲ್ಲಿ ಎಷ್ಟು ಉಬ್ಬು ಹೊಟ್ಟೆಯ ಕಡೆ ಬರುತ್ತೆ? ಅದೇ ಸೂತ್ರ, ಈಗ ಅಗಲದ ಬದಲು ವೀಲ್‌ಬೇಸ್ ಹಾಕಿ. 2.45 × 2.45 = 6.0, ಅದನ್ನು 136ರಿಂದ ಭಾಗಿಸಿದರೆ 0.044 ಮೀಟರ್. ಬರೀ 44 ಮಿ.ಮೀ! 110 ಮಿ.ಮೀ. ಇರುವ ಕಾರು ಆರಾಮಾಗಿ ದಾಟುತ್ತೆ. ಸ್ಟ್ಯಾಂಡರ್ಡ್ ಹಂಪ್ ತಗ್ಗು ಕಾರಿಗೆ ಶತ್ರು ಅಲ್ಲ.

ಆದರೆ ನಮ್ಮೂರುಗಳಲ್ಲಿ ಇರೋದು ಸ್ಟ್ಯಾಂಡರ್ಡ್ ಹಂಪಾ? ಅಪಘಾತ ಆದ ಮಾರನೇ ದಿನ ಊರವರೇ ಸೇರಿ ಹಾಕಿದ್ದು, ಒಂದು ಮೀಟರ್ ಅಗಲ, 15 ಸೆಂ.ಮೀ. ಎತ್ತರ ಅಂದ್ಕೊಳ್ಳಿ. ಇದು ವೀಲ್‌ಬೇಸ್‌ಗಿಂತ ಚಿಕ್ಕದು. ಮುಂದಿನ ಚಕ್ರ ಇಳಿದು ನೆಲ ಮುಟ್ಟಿರುತ್ತೆ, ಹಿಂದಿನದು ಇನ್ನೂ ಹತ್ತಿರೋದಿಲ್ಲ, ಹಂಪ್ ಪೂರ್ತಿ ಹೊಟ್ಟೆಯ ಕೆಳಗೆ. ಆಗ ಬೇಕಾದ ಕ್ಲಿಯರೆನ್ಸ್ 44 ಅಲ್ಲ, ಪೂರಾ 150. ತಗ್ಗು ಕಾರು ಕೂತುಬಿಡುತ್ತೆ. 163 ಇರುವ ಸ್ವಿಫ್ಟ್ ಕೂಡ ಐದು ಜನ ತುಂಬಿಕೊಂಡಿದ್ದರೆ ಉಜ್ಜಿಕೊಂಡೇ ಹೋಗೋದು. ಎತ್ತರ ಒಂದೂವರೆ ಪಟ್ಟು ಆಯಿತು, ಕೇಳುವ ಜಾಗ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಸ್ಪೋರ್ಟ್ಸ್ ಕಾರುಗಳಲ್ಲಿ ಮೂತಿ ಎತ್ತುವ ಬಟನ್ ಇರೋದು ಇದಕ್ಕೇ. 911ರಲ್ಲಿ ಅದು ಮುಂಭಾಗವನ್ನು ಸುಮಾರು 40 ಮಿ.ಮೀ. ಎತ್ತುತ್ತೆ.

ಇಷ್ಟು ಗೊತ್ತಾದ ಮೇಲೆ ರಸ್ತೆ ಮೇಲಿನ ವಸ್ತುಗಳಿಗೆ ಬರೋಣ. ಅವು ಕಾರಿಗೆ ಮಾಡುವ ಕೆಲಸ ನೋಡಿ ನಾವು ನಾಲ್ಕು ಜಾತಿ ಮಾಡಿದ್ದೇವೆ: ಸಿಡಿಯುವುದು, ತಾಗುವುದು, ಎದ್ದು ಚುಚ್ಚುವುದು, ಸುತ್ತಿಕೊಳ್ಳುವುದು.

ಸಿಡಿಯುವುದು

20 ಮಿ.ಮೀ. ಜಲ್ಲಿಯ ಒಂದು ಚೂರು ಹೆಚ್ಚುಕಡಿಮೆ ಗುಂಡಗಿದೆ ಅಂದರೆ ತೂಕ ಸುಮಾರು 11 ಗ್ರಾಂ. ಅದು ಗಾಳಿಯಲ್ಲಿ ನಿಂತಿದ್ದು, ನಮ್ಮ ಕಾರು ಗಂಟೆಗೆ 80 ಕಿ.ಮೀ.ನಲ್ಲಿ (ಸೆಕೆಂಡಿಗೆ 22 ಮೀಟರ್) ಹೋಗಿ ಗುದ್ದಿದರೆ ಶಕ್ತಿ 2.7 ಜೂಲ್. ಅದೇ ಕಲ್ಲು ಎದುರಿನ ಟಿಪ್ಪರ್ ಚಕ್ರದಿಂದ ಸಿಡಿದು ಗಂಟೆಗೆ 60 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬಂದರೆ ಸಾಪೇಕ್ಷ ವೇಗ 140. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ ಮೂರು ಪಟ್ಟು: 8.3 ಜೂಲ್. ಟಿಪ್ಪರ್ ಎದುರಾದಾಗ ನಾವು ವೇಗ ಇಳಿಸಬೇಕು ಅನ್ನೋದಕ್ಕೆ ಇದೇ ಕಾರಣ. ಅವನ ವೇಗ ನಮ್ಮ ಕೈಲಿಲ್ಲ, ಮೊತ್ತದಲ್ಲಿ ನಮ್ಮ ಪಾಲು ಮಾತ್ರ ನಮ್ಮ ಕೈಲಿದೆ.

ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯರ ಮನೆಯಲ್ಲಿ ದೊಡ್ಡವರನ್ನು ಕೇಳಿ, ಅದಿರು ಲಾರಿಗಳ ಕಾಲ ನೆನಪಿರುತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ಗ್ರಾನೈಟ್ ಜಲ್ಲಿ ನೀರಿಗಿಂತ 2.7 ಪಟ್ಟು ಸಾಂದ್ರ. ಒಳ್ಳೆಯ ಕಬ್ಬಿಣದ ಅದಿರು ಸುಮಾರು 5 ಪಟ್ಟು. ಅದೇ ಗಾತ್ರದ ಅದಿರಿನ ಚೂರು ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿಯಲ್ಲಿ ಬಡಿಯುತ್ತೆ.

ಮುಂದಿನ ಗಾಜು ಇದನ್ನು ಹೇಗೆ ತಾಳುತ್ತೆ? ಕೇಂದ್ರ ಮೋಟಾರು ವಾಹನ ನಿಯಮಾವಳಿಯ 100ನೇ ನಿಯಮದ ಪ್ರಕಾರ ಮುಂದಿನದು ಲ್ಯಾಮಿನೇಟೆಡ್ ಗಾಜೇ ಆಗಿರಬೇಕು. ಎರಡು ಗಾಜಿನ ನಡುವೆ ಪಾಲಿವಿನೈಲ್ ಬ್ಯೂಟಿರಾಲ್ ಅನ್ನುವ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ. ಒಡೆದರೂ ಚೂರು ಅದಕ್ಕೆ ಅಂಟಿಕೊಂಡೇ ಇರುತ್ತೆ, ನಮ್ಮ ಕಣ್ಣಿಗೆ ಬರಲ್ಲ.

ಇಲ್ಲಿ ತಗ್ಗು ಕಾರಿಗೆ ಒಂದು ಲಾಭ ಇದೆ. ಅದರ ಗಾಜು ಬಹಳ ಒರಗಿರುತ್ತೆ. ನೆಲಕ್ಕೆ 30 ಡಿಗ್ರಿ ಕೋನದಲ್ಲಿ ಒರಗಿದ ಗಾಜಿಗೆ ಅಡ್ಡಲಾಗಿ ಬಂದ ಕಲ್ಲಿನ ವೇಗದಲ್ಲಿ ಗಾಜಿಗೆ ಲಂಬವಾಗಿ ಬೀಳುವ ಭಾಗ ಅರ್ಧ ಮಾತ್ರ. ಅರ್ಧದ ವರ್ಗ ಕಾಲು. ನೆಟ್ಟಗೆ ನಿಂತ ಬಸ್ಸಿನ ಗಾಜಿಗೆ ಬೀಳುವ ಪೆಟ್ಟಿನ ಕಾಲು ಭಾಗ ಇದಕ್ಕೆ ಬೀಳುತ್ತೆ, ಉಳಿದಿದ್ದು ಜಾರಿ ಹೋಗುತ್ತೆ.

ನಷ್ಟ ಇರೋದು ಮೂತಿಯಲ್ಲಿ. 911ರ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ಮುಂದಿನ ಬಂಪರ್‌ನ ಎರಡು ಮೂಲೆಯಲ್ಲಿರುವ ದೊಡ್ಡ ಗಾಳಿಕಂಡಿಗಳ ಹಿಂದೆ ರೇಡಿಯೇಟರ್, ಅದರ ಮುಂದೆ ಎಸಿಯ ಕಂಡೆನ್ಸರ್ ಕೂತಿರುತ್ತವೆ, ಅದೂ ನೆಲದ ಹತ್ತಿರ. ಒಣ ಎಲೆ, ಕಸ, ಜಲ್ಲಿ ಒಳಗೆ ಸೇರಿ ಒದ್ದೆಯಾಗಿ ಕೊಳೆತು ಅಲ್ಯೂಮಿನಿಯಂ ತಿಂದುಹಾಕೋದು ಈ ಕಾರಿನ ಹಳೇ ಮಾಲೀಕರಿಗೆಲ್ಲ ಗೊತ್ತಿರುವ ಕಾಯಿಲೆ. ಕೆಲವರು ಜಾಲರಿ ಹಾಕಿಸುತ್ತಾರೆ. ಜಾಲರಿ ಸಣ್ಣದಾದಷ್ಟೂ ಕಸ ಕಡಿಮೆ, ಆದರೆ ಗಾಳಿಯೂ ಕಡಿಮೆ. ಒಂದು ಕೊಟ್ಟು ಒಂದು ತಗೋಬೇಕು.

ಗಾಜಿನಲ್ಲಿ ಚಿಕ್ಕ ಚುಕ್ಕೆ ಬಿದ್ದರೆ ಕೂಡಲೇ ರೆಸಿನ್ ತುಂಬಿಸಿ. ಹೊರಗೆ ಬಿಸಿಲು, ಒಳಗೆ ಎಸಿ, ಕೆಳಗೆ ಗುಂಡಿ. ನಾಲ್ಕು ದಿನ ಬಿಟ್ಟರೆ ಚುಕ್ಕೆ ಗೆರೆಯಾಗುತ್ತೆ, ಆಮೇಲೆ ಗಾಜೇ ಬದಲಿಸಬೇಕು.

ತಾಗುವುದು

ಸಿಪ್ಪೆ ಸಮೇತ ತೆಂಗಿನಕಾಯಿ ಅಡ್ಡ ಮಲಗಿದಾಗ 15ರಿಂದ 20 ಸೆಂ.ಮೀ. ಎತ್ತರ ಇರುತ್ತೆ. 110 ಮಿ.ಮೀ. ಕಾರಿನ ಕೆಳಗೆ ಅದು ದಾಟೋದೇ ಇಲ್ಲ. ಸುಲಿದ ಕಾಯಿ ಸುಮಾರು 10 ಸೆಂ.ಮೀ. ಆಸುಪಾಸು, ಅದು ಅದೃಷ್ಟ.

1.2 ಕೆ.ಜಿ. ತೂಕದ ಕಾಯಿಗೆ ಗಂಟೆಗೆ 60 ಕಿ.ಮೀ.ನಲ್ಲಿ ಗುದ್ದಿದರೆ ಲೆಕ್ಕದಲ್ಲಿ ಬರುವ ಶಕ್ತಿ 167 ಜೂಲ್. ಜಲ್ಲಿಯ 2.7ಕ್ಕೆ ಹೋಲಿಸಿ ನೋಡಿ. ಈಗ ಮುಖ್ಯ ಪ್ರಶ್ನೆ: ಆ ಶಕ್ತಿ ಎಷ್ಟು ದೂರದಲ್ಲಿ ಮುಗಿಯುತ್ತೆ? ಗಟ್ಟಿ ಭಾಗಕ್ಕೆ ತಾಗಿ 2 ಸೆಂ.ಮೀ.ನಲ್ಲಿ ಮುಗಿದರೆ ಸರಾಸರಿ ಬಲ 8,300 ನ್ಯೂಟನ್, ಅಂದ್ರೆ 850 ಕೆ.ಜಿ. ಭಾರ ಹೇರಿದ ಹಾಗೆ. ಪ್ಲಾಸ್ಟಿಕ್ ಬಂಪರ್ 8 ಸೆಂ.ಮೀ. ಒಳಗೆ ಬಾಗಿ ತಗೊಂಡರೆ ಅದರ ಕಾಲು ಭಾಗ, 210 ಕೆ.ಜಿ. ಚಿಲ್ಲರೆ. ವೇಗ 30ಕ್ಕೆ ಇಳಿದರೆ ಶಕ್ತಿಯೇ 42 ಜೂಲ್‌ಗೆ ಬೀಳುತ್ತೆ. ‘ಈಗಿನ ಕಾರುಗಳ ಬಂಪರ್ ಬರೀ ಪ್ಲಾಸ್ಟಿಕ್ಕು, ಅಂಬಾಸಿಡರ್ ಕಬ್ಬಿಣ’ ಅಂತ ತಾತ ಬೈಯುವಾಗ ಈ ಲೆಕ್ಕ ತೋರಿಸಿ. ಬಾಗೋದು ದೌರ್ಬಲ್ಯ ಅಲ್ಲ, ಅದೇ ಅದರ ಕೆಲಸ.

ಸಮಸ್ಯೆ ಬರೋದು ಕಾಯಿ ಬಂಪರ್ ಕೆಳಗೆ ನುಗ್ಗಿದಾಗ. ಅಲ್ಲಿ ಬಾಗುವ ಪ್ಲಾಸ್ಟಿಕ್ ಇಲ್ಲ. ಎಂಜಿನ್ ಮುಂದಿರುವ ಕಾರಿನಲ್ಲಿ ಆಯಿಲ್ ಸಂಪ್ ಇರುತ್ತೆ. ಅಲ್ಯೂಮಿನಿಯಂ ಎರಕದ ಸಂಪ್ ಆದರೆ ನೆಗ್ಗೋದಿಲ್ಲ, ಸೀಳುತ್ತೆ.

ಟೈರಿನ ಮಾತೂ ಇಲ್ಲೇ ಬರಬೇಕು. ಸ್ವಿಫ್ಟ್‌ನ 185/65 ಟೈರಿನ ಪಕ್ಕದ ಗೋಡೆ 120 ಮಿ.ಮೀ. ಎತ್ತರ. 911ರ ಮುಂದಿನ 235/40 ಟೈರಿನದು 94. ರಬ್ಬರ್ ಗೋಡೆ ಕುಳ್ಳಗಾದಷ್ಟೂ ಗುಂಡಿಯ ಅಂಚಿಗೋ ಕಲ್ಲಿಗೋ ಬಿದ್ದಾಗ ಟೈರು ಅಂಚಿಗೂ ರಿಮ್‌ಗೂ ನಡುವೆ ಸಿಕ್ಕಿ ಜಜ್ಜಿ ಹೋಗುತ್ತೆ. ಗೋಡೆಯಲ್ಲಿ ಬೋರೆ ಎದ್ದರೆ ಒಳಗಿನ ದಾರ ಕಿತ್ತಿದೆ ಅಂತ ಅರ್ಥ; ಆ ಟೈರು ಪಂಕ್ಚರ್ ಅಂಗಡಿಗೆ ಅಲ್ಲ, ಗುಜರಿಗೆ. ಎತ್ತಿನ ಲಾಳದ ಮೊಳೆ ಚುಚ್ಚಿದ್ದಾದರೆ, ಅದೂ ನೆಲ ಮುಟ್ಟುವ ಭಾಗದಲ್ಲಿ ಆಗಿದ್ದರೆ, ಪ್ಯಾಚ್ ನಡೆಯುತ್ತೆ.

ಎದ್ದು ಚುಚ್ಚುವುದು

ಗುದ್ದಲಿಯ ಅಲಗಿನ ಮೇಲೆ ಗೊತ್ತಿಲ್ಲದೆ ಕಾಲಿಟ್ಟರೆ ಕಾವು ಎದ್ದು ಮೊಣಕಾಲಿಗೆ ಬಡಿಯುತ್ತಲ್ಲ, ಅದೇ ತತ್ವ. ಉದ್ದನೆಯ ವಸ್ತುವಿನ ಒಂದು ತುದಿ ಚಕ್ರಕ್ಕೆ ಸಿಕ್ಕಿದರೆ ಇನ್ನೊಂದು ತುದಿ ಏಳುತ್ತೆ. ಮಲಗಿದ್ದಾಗ ಅದರ ಎತ್ತರ ಎರಡು ಬೆರಳು ಇರಬಹುದು. ಎದ್ದು ನಿಂತಾಗ ಅದಕ್ಕೆ ಕಾರಿನ ತೂಕವೇ ಬಲ.

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 2013ರ ಅಕ್ಟೋಬರ್ 1ರಂದು ವಾಷಿಂಗ್ಟನ್ ರಾಜ್ಯದ ಕೆಂಟ್ ಹತ್ತಿರ ಹೆದ್ದಾರಿಯಲ್ಲಿ ಬಿದ್ದಿದ್ದ ಲೋಹದ ವಸ್ತುವಿಗೆ ಒಂದು ಟೆಸ್ಲಾ ಮಾಡೆಲ್ ಎಸ್ ಹತ್ತಿತು. ಕಾರಿನ ಬ್ಯಾಟರಿ ಇರೋದೇ ಹೊಟ್ಟೆಯಲ್ಲಿ. ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಕೊಟ್ಟ ವಿವರಣೆ ಪ್ರಕಾರ ಆ ವಸ್ತು ಸನ್ನೆಯ ಹಾಗೆ ಎದ್ದು, ಸುಮಾರು 25 ಟನ್ ಬಲದಲ್ಲಿ, ಕಾಲು ಇಂಚು ದಪ್ಪದ ರಕ್ಷಣಾ ತಟ್ಟೆಯಲ್ಲಿ 3 ಇಂಚು ಅಗಲದ ತೂತು ಹೊಡೆಯಿತು. ಕಾರು ಎಚ್ಚರಿಕೆ ಕೊಟ್ಟು ನಿಲ್ಲಿಸಲು ಹೇಳಿತು, ಚಾಲಕರು ನಿಲ್ಲಿಸಿ ಇಳಿದರು, ಆಮೇಲೆ ಬೆಂಕಿ ಕಾಣಿಸಿತು. ಯಾರಿಗೂ ಗಾಯ ಆಗಲಿಲ್ಲ. ನವೆಂಬರ್‌ನಲ್ಲಿ ಟೆನ್ನೆಸ್ಸಿಯಲ್ಲಿ ಇನ್ನೊಂದು ಮಾಡೆಲ್ ಎಸ್‌ಗೆ ಟ್ರೇಲರ್ ಕೊಂಡಿ ಬಡಿದು ಬೆಂಕಿ ಹತ್ತಿತು.

2014ರ ಮಾರ್ಚ್‌ನಲ್ಲಿ ಕಂಪನಿ ಕೊಟ್ಟ ಪರಿಹಾರ ಪಾಠದ ಹಾಗಿದೆ. ಮೊದಲು ಒಂದು ಟೊಳ್ಳು ಅಲ್ಯೂಮಿನಿಯಂ ದಂಡ: ವಸ್ತುವನ್ನು ಪಕ್ಕಕ್ಕೆ ತಳ್ಳೋದು, ಇಲ್ಲವೇ ಬ್ಯಾಟರಿ ಬರುವ ಮುಂಚೆಯೇ ಏಳುವ ಹಾಗೆ ಮಾಡೋದು. ಆಮೇಲೆ ಟೈಟಾನಿಯಂ ತಟ್ಟೆ. ಕೊನೆಗೆ ಓರೆಯಾಗಿಟ್ಟ ಗಟ್ಟಿ ಅಲ್ಯೂಮಿನಿಯಂ ತುಂಡು: ಮಿಕ್ಕಿದ್ದೇನಾದರೂ ಇದ್ದರೆ ಕಾರೇ ಅದರ ಮೇಲೆ ಹತ್ತಿ ಇಳಿಯಲಿ ಅಂತ. ಗಮನಿಸಿ, ಬರೀ ದಪ್ಪ ಮಾಡಿ ಸುಮ್ಮನಾಗಲಿಲ್ಲ. ಬಲದ ದಿಕ್ಕನ್ನೇ ಬದಲಿಸಿದರು.

ನಮ್ಮ ಕಡೆ ಈ ಜಾತಿಗೆ ಸೇರೋದು ಸೆಂಟ್ರಿಂಗ್ ಸರಳು, ಮುರಿದ ಲೀಫ್ ಸ್ಪ್ರಿಂಗ್ ಪಟ್ಟಿ, ಮತ್ತೆ ತೆಂಗಿನ ಗರಿ. ಗರಿ ನಾಲ್ಕೈದು ಮೀಟರ್ ಉದ್ದ, ಬುಡ ಒಣಗಿದರೆ ಮರದ ತುಂಡಿನಷ್ಟು ಗಟ್ಟಿ. ತುದಿಯ ಎಲೆ ಮೇಲೆ ಹತ್ತಿಸಿದರೆ ಏನೂ ಆಗಲ್ಲ. ಬುಡದ ಮೇಲೆ ಹತ್ತಿಸಿದರೆ ಅದು ತಿರುಗಿ ಎದ್ದು ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೋ, ಬ್ರೇಕ್ ಪೈಪನ್ನೋ ಹುಡುಕಿಕೊಂಡು ಹೋಗುತ್ತೆ. ದಾರಿಯಲ್ಲಿ ಗರಿ ಕಂಡರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಎಳೆದು ಬದಿಗೆ ಹಾಕಿ. ಹಿಂದೆ ಬೈಕಿನಲ್ಲಿ ಬರುವವನಿಗೆ ಅದು ಬರೀ ಪ್ಲಾಸ್ಟಿಕ್‌ನ ಪ್ರಶ್ನೆ ಅಲ್ಲ.

ಸುತ್ತಿಕೊಳ್ಳುವುದು

ಇಲ್ಲಿಗೆ ಬಂದಾಗಲೇ ನಮ್ಮ ಪಟ್ಟಿ ತಲೆಕೆಳಗಾದದ್ದು. ಹುರುಳಿ ಗಿಡಕ್ಕೆ ತೂಕ ಇಲ್ಲ, ಗಟ್ಟಿತನ ಇಲ್ಲ. ಗುದ್ದಿದರೆ ಶಕ್ತಿ ಸೊನ್ನೆ ಅನ್ನಬಹುದು. ಅದಕ್ಕೇ ಯಾರೂ ಹೆದರೋದಿಲ್ಲ. ಆದರೆ ಕಲ್ಲು ಹೊಡೆದು ಹೋಗುತ್ತೆ, ಹುರುಳಿ ಉಳಿದುಕೊಳ್ಳುತ್ತೆ.

ಹುರುಳಿ ಬಳ್ಳಿಯಂಥ ಗಿಡ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರಿನಲ್ಲಿ ಚಕ್ರದ ಒಳಬದಿಗೆ ಡ್ರೈವ್ ಶಾಫ್ಟ್ ತಿರುಗುತ್ತಾ ಇರುತ್ತೆ. ಸ್ವಿಫ್ಟ್‌ನ ಟೈರಿನ ಸುತ್ತಳತೆ 1.95 ಮೀಟರ್. ಹಾಗಾಗಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಶಾಫ್ಟ್ 500ಕ್ಕೂ ಹೆಚ್ಚು ಸುತ್ತು ಸುತ್ತುತ್ತೆ. ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಹಗ್ಗ ಹೊಸೆದಂತೆ ಉಳಿದದ್ದನ್ನೂ ಎಳೆದುಕೊಳ್ಳುತ್ತೆ. ಅದು ಬಿಗಿಯಾಗಿ ಉಜ್ಜಿ ಬಿಸಿಯಾಗುತ್ತೆ, ಶಾಫ್ಟ್‌ನ ರಬ್ಬರ್ ಬೂಟು ಹರಿಯುತ್ತೆ, ಬ್ರೇಕ್ ಹೋಸ್ ಎಳೆಯುತ್ತೆ.

ಇನ್ನೊಂದು ಜಾಗ ಸೈಲೆನ್ಸರ್ ಲೈನು. ಅದರಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಬೇಕಾದರೆ ಅದರ ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸಾಮಾನ್ಯವಾಗಿ 400ರಿಂದ 800ರವರೆಗೆ ಇರುತ್ತೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಸೇರಿದೆ; ಅದು ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ 600 ಡಿಗ್ರಿ ಆಸುಪಾಸು ಹೋಗುತ್ತೆ. ಹೊರಗಿನ ತಗಡು ಇಷ್ಟು ಬಿಸಿ ಇರಲ್ಲ, ಶಾಖ ತಡೆಯುವ ಹೊದಿಕೆಯೂ ಇರುತ್ತೆ. ಆದರೆ ಒಣ ಸೊಪ್ಪು ಹೊತ್ತಿಕೊಳ್ಳಲು 300 ಡಿಗ್ರಿ ಆಸುಪಾಸಿನ ಮೇಲ್ಮೈ ಸಾಕಾಗುತ್ತೆ. ಸೊಪ್ಪು ಹೊದಿಕೆಗೂ ಕೊಳವೆಗೂ ನಡುವೆ ತುರುಕಿಕೊಂಡರೆ ಅದೇ ಕಂಬಳಿ ಹೊದಿಸಿದಂತೆ ಶಾಖ ಹಿಡಿದಿಡುತ್ತೆ. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ ಅಂತ ಕಾರುಗಳ ಕೈಪಿಡಿಯಲ್ಲೇ ಬರೆದಿರೋದು ಇದಕ್ಕೇ. ನಾವು ಯಾರೂ ಓದಿರಲ್ಲ, ಅಷ್ಟೇ.

ಒಕ್ಕಣೆ ಕಾಲದಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟ ತೆಗೆಯಿರಿ. ಹಳೇ ಮೈಸೂರು ಸೀಮೆಯ ಯಾವುದಾದರೂ ಊರಿನಿಂದ ಸುದ್ದಿ ಬರುತ್ತಲೇ ಇರುತ್ತೆ: ರಸ್ತೆಯ ಹುರುಳಿ ಸೊಪ್ಪು ಸಿಲುಕಿ ಕಾರು ಭಸ್ಮ. ಅವು ಸ್ಪೋರ್ಟ್ಸ್ ಕಾರುಗಳಲ್ಲ, ನಮ್ಮ ನಿಮ್ಮ ಮನೆಯಂಥ ಕಾರುಗಳು. ಒಂದಡಿ ಸಡಿಲ ಸೊಪ್ಪಿನ ಮುಂದೆ 110 ಮಿ.ಮೀ., 163 ಮಿ.ಮೀ. ಎರಡೂ ತಗ್ಗೇ. ಈ ಕಸದ ಮುಂದೆ ಎಲ್ಲ ಕಾರೂ ತಗ್ಗು ಕಾರೇ.

ತಾಗಿದ ಮೇಲೆ ಏನು ಮಾಡಬೇಕು

ಹೊಟ್ಟೆಗೆ ಏನೋ ತಾಗಿದ ಸದ್ದು ಬಂತು. ‘ಓಡ್ತಾ ಇದೆಯಲ್ಲ, ಊರಿಗೆ ಹೋಗಿ ನೋಡೋಣ’ ಅನ್ನೋದು ಅತಿ ದುಬಾರಿ ಮಾತು. ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಂಪ್ ಒಡೆದದ್ದು ಸಣ್ಣ ಖರ್ಚು. ಎಣ್ಣೆ ಇಲ್ಲದೆ ಓಡಿಸಿ ಎಂಜಿನ್ ಸೀಜ್ ಆದದ್ದು ದೊಡ್ಡದು. ಇನ್ಶೂರೆನ್ಸ್‌ನವರು ಮೊದಲನೆಯದನ್ನು ಅಪಘಾತ ಅಂತ ಒಪ್ಪುತ್ತಾರೆ. ಎರಡನೆಯದು ಅಪಘಾತದ ನಂತರ ನೀವು ಮಾಡಿಕೊಂಡಿದ್ದು, ಅದು ಪಾಲಿಸಿಯಲ್ಲಿ ಬರಲ್ಲ ಅನ್ನೋದು ಮಾಮೂಲು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಎರಡೂ ನಿಮ್ಮದೇ. ಜಾಗದ ಫೋಟೋ, ಬಿದ್ದ ವಸ್ತುವಿನ ಫೋಟೋ, ಕೆಳಭಾಗದ ಫೋಟೋ ತೆಗೆದಿಡಿ.

ಹಂಪ್, ಕಲ್ಲು ದಾಟುವಾಗ ಮುಂಚೆಯೇ ಬ್ರೇಕ್ ಹಾಕಿ ವೇಗ ಇಳಿಸಿ, ಅದರ ಮೇಲೆ ಹೋಗುವ ಹೊತ್ತಿಗೆ ಬ್ರೇಕ್ ಬಿಡಿ. ಬ್ರೇಕ್ ಒತ್ತಿದಾಗ ತೂಕ ಮುಂದೆ ಬಂದು ಮೂತಿ ಬಗ್ಗುತ್ತೆ, ಇರುವ ಕ್ಲಿಯರೆನ್ಸೂ ಕಳಕೊಳ್ಳುತ್ತೀರಿ.

ಹುರುಳಿ ರಾಶಿ ಕಂಡರೆ ಸಾಧ್ಯವಾದಷ್ಟೂ ಪಕ್ಕದ ಬರಿ ರಸ್ತೆಯಲ್ಲಿ ಹೋಗಿ. ದಾರಿಯೇ ಇಲ್ಲದಿದ್ದರೆ ಇಳಿದು ಸೊಪ್ಪು ಸರಿಸಿಕೊಡಿ ಅಂತ ಕೇಳಿ, ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಅನಿವಾರ್ಯವಾಗಿ ಹಾದು ಹೋಗಿದ್ದರೆ ದಾಟಿದ ಮೇಲೆ ಬರಿ ನೆಲದಲ್ಲಿ ನಿಲ್ಲಿಸಿ ಕೆಳಗೆ ನೋಡಿ. ಸೊಪ್ಪಿನ ಮೇಲೆಯೇ ನಿಲ್ಲಿಸಬೇಡಿ. ಕೊಳವೆ ಸುಡುತ್ತಿರುತ್ತೆ, ಬರಿಗೈ ಹಾಕಬೇಡಿ, ಕೋಲಿನಲ್ಲಿ ಎಳೆಯಿರಿ. ಸುಟ್ಟ ವಾಸನೆ, ಹೊಗೆ ಬಂತು ಅಂದರೆ ರಾಶಿಯಿಂದ ದೂರ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಮಕ್ಕಳು, ವಯಸ್ಸಾದವರು ಮೊದಲು, ಬ್ಯಾಗು ಆಮೇಲೆ, ಅಥವಾ ಬ್ಯಾಗು ಬೇಡವೇ ಬೇಡ. 112ಕ್ಕೆ ಫೋನ್ ಮಾಡಿ. ಉರಿಯುವಾಗ ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಜೋರಾಗುತ್ತೆ, ಆ ಸಾಹಸ ಮಾಡಬೇಡಿ.

ಬೈಕಿನವರಿಗೆ ಒಂದೇ ಮಾತು: ಸೊಪ್ಪಿನ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ. ಒಣ ಕಾಂಡ ಟೈರಿನ ಕೆಳಗೆ ಬೇರಿಂಗ್ ಗುಂಡುಗಳ ಹಾಗೆ ಉರುಳುತ್ತೆ.

ತಪ್ಪು ಯಾರದು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಪಾಠ. ಆ ಅಜ್ಜಿ ಹುರುಳಿಯನ್ನು ರಸ್ತೆಗೇ ಯಾಕೆ ತಂದರು?

ನಮ್ಮ ಅಜ್ಜಂದಿರು ಸುಗ್ಗಿಗೆ ಮುಂಚೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸಿ ಒಣಗಿಸಿದರೆ ಮಣ್ಣೇಳದ ಅಂಗಳ ಸಿದ್ಧ. ಅದರ ಮೇಲೆ ಎತ್ತು ಕಟ್ಟಿ ರೋಣಗಲ್ಲು ಉರುಳಿಸೋರು. ಇವತ್ತು ಎತ್ತು ಕಡಿಮೆ, ಆಳು ಸಿಗಲ್ಲ, ಜಮೀನು ಪಾಲಾಗಿ ಪಾಲಾಗಿ ಕಣಕ್ಕೆ ಬಿಡುವಷ್ಟು ಜಾಗವೂ ಇಲ್ಲ. ಮನೆ ಮುಂದೆಯೇ ಗಟ್ಟಿಯಾದ, ಬಿಸಿಲು ಬೀಳುವ, ಯಾರೂ ಬಾಡಿಗೆ ಕೇಳದ ಡಾಂಬರು ಇದೆ. ಮೇಲಾಗಿ ಹಾದು ಹೋಗುವ ಪ್ರತಿ ಗಾಡಿಯೂ ಪುಕ್ಕಟೆ ರೋಣಗಲ್ಲು. ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಇದು ಬುದ್ಧಿವಂತ ಪರಿಹಾರವೇ. ಅಪಾಯದ ಖರ್ಚನ್ನು ಮಾತ್ರ ಬೇರೆಯವರ ಖಾತೆಗೆ ಬರೆದಿದೆ.

ಕಾನೂನು ಇದೆ. ಸಾರ್ವಜನಿಕ ದಾರಿಗೆ ಅಡ್ಡಿ, ಅಪಾಯ ತಂದರೆ ಹಳೇ ಐಪಿಸಿ 283ರಲ್ಲಿ 200 ರೂಪಾಯಿವರೆಗೆ ದಂಡ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ ಅದು 5,000 ರೂಪಾಯಿವರೆಗೆ. ಆದರೆ ನಾಲ್ಕು ಮೂಟೆ ಹುರುಳಿಯವರ ಮೇಲೆ ದಂಡ ಹಾಕಿದರೆ ಅವರು ಮಾರನೇ ದಿನ ಪಕ್ಕದ ರಸ್ತೆಗೆ ಹೋಗುತ್ತಾರೆ ಅಷ್ಟೇ. ಕಣ ಹುಟ್ಟೋದಿಲ್ಲ.

ಕಣ ಹುಟ್ಟುವ ದಾರಿಗಳೂ ಇವೆ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳಿವೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಯಂತ್ರ ಸಿಗುತ್ತೆ. ದೊಡ್ಡ ಒಕ್ಕಣೆ ಯಂತ್ರ ನಾಲ್ಕು ಮೂಟೆಯವರ ಮನೆ ಬಾಗಿಲಿಗೆ ಬರೋದು ಕಷ್ಟ, ಅದಕ್ಕೆ ಗಿಟ್ಟಲ್ಲ. ಇಬ್ಬರು ಎತ್ತಿ ಟಿವಿಎಸ್ ಎಕ್ಸ್‌ಎಲ್ ಹಿಂದೆ ಇಟ್ಟುಕೊಂಡು ಹೋಗುವಷ್ಟು ಹಗುರ, ಹುರುಳಿಯ ಹೆಣಿಗೆ ಬಿಡಿಸಿ ಕಾಳು ಒಡೆಯದ ಹಾಗೆ ಬಡಿಯುವ ಯಂತ್ರ ಬೇಕು. ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇಂಟರ್ನೆಟ್‌ನಲ್ಲಿ ವಿಷಯ ಹುಡುಕುತ್ತಾ ಕೂತಿರುವ ಮೆಕ್ಯಾನಿಕಲ್ ಗೆಳೆಯರೇ, ಇದು ನಿಮಗೆ.

ಇನ್ನುಳಿದವರಿಗೆ ಸಣ್ಣ ಮನೆಗೆಲಸ. ಈ ವಾರ ಸ್ಕೇಲ್ ತಗೊಂಡು ನಿಮ್ಮ ಮನೆಯ ಅಥವಾ ಗೆಳೆಯನ ಕಾರಿನ ತೀರಾ ಕೆಳಗಿನ ಬಿಂದು ಯಾವುದು, ಎಷ್ಟು ಎತ್ತರ ಅಂತ ಅಳೆಯಿರಿ. ಖಾಲಿ ಇದ್ದಾಗ ಒಮ್ಮೆ, ಐದು ಜನ ಕೂತಾಗ ಒಮ್ಮೆ. ಹಾಗೇ ನಿಮ್ಮೂರಿನ ಹಂಪಿನ ಅಗಲ, ಎತ್ತರ ಅಳೆದು ಮೇಲಿನ ಸೂತ್ರಕ್ಕೆ ಹಾಕಿ ನೋಡಿ. ಅಂಕಿಗಳನ್ನು ಕ್ಲಬ್ಬಿಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಟ್ಟು ಮಾಡೋಣ.

ಮತ್ತೆ ಸಂಕ್ರಾಂತಿಗೆ ಊರಿಗೆ ಹೋಗುವಾಗ ದಾರಿಯಲ್ಲಿ ಹುರುಳಿ ಹರಡಿದ್ದು ಕಂಡರೆ ಹಾರ್ನ್ ಹೊಡೆಯಬೇಡಿ. ನಿಲ್ಲಿಸಿ, ‘ಅಜ್ಜಿ, ಕಾರಿಗೆ ಬೆಂಕಿ ಹತ್ಕೊಳ್ಳುತ್ತೆ, ಒಂಚೂರು ದಾರಿ ಬಿಡಿಸಿ’ ಅನ್ನಿ. ಬೆಂಕಿ ಯಾಕೆ ಹತ್ತುತ್ತೆ ಅಂತ ಕೇಳಿದರೆ ಈಗ ನಿಮಗೆ ಗೊತ್ತಿದೆ, ಹೇಳಿ.